ಕೆಳಸಾಲಿನ ಮೂರನೆಯ ಗೂಟ

ಮಾವನ ಕೈ ನಡುಗುತ್ತಿದ್ದುದರಿಂದ ಜಾಹೀರಾತನ್ನು ನಾನೇ ಬರೆಯಬೇಕಾಯಿತು. ಚಿಕ್ಕ ಉಗಿ ಇಂಜಿನ್ ಕಟ್ಟಿ ಓಡಿಸುವವರ ಕ್ಲಬ್ಬಿನ ಪತ್ರಿಕೆಗೆ ಕಳಿಸುವ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮಾವ ಕಿಟಕಿಯ ಹತ್ತಿರ ನಿಂತು, ಶೆಡ್ಡಿನ ಕಡೆ ನೋಡುತ್ತ, ಒಂದೊಂದೇ ಮಾತು ಹೇಳುತ್ತಿದ್ದರು.

“ಬರಿ. ಮಾರಾಟಕ್ಕಿದೆ. ಉಗಿ ಇಂಜಿನ್, ಮೇಲೆ ಕೂತು ಓಡಿಸೋವಂಥದ್ದು. ಐದು ಇಂಚು ಅಗಲದ ಹಳಿ. ಪೂರ್ತಿ ಕೈಯಲ್ಲೇ ಕಟ್ಟಿದ್ದು.”

“ಎಷ್ಟು ವರ್ಷ ಹಿಡೀತು ಅಂತ ಹಾಕ್ಲಾ ಮಾವ?”

“ಅದು ಯಾರಿಗೆ ಬೇಕು.” ಕಿಟಕಿಯ ಗಾಜು ಒರೆಸಿ, “ಹದಿನಾಲ್ಕು. ಹಾಕು” ಎಂದರು.

ಒಲೆಯ ಪಕ್ಕದಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸುವ ಪೇಸ್ಟಿಯ ಹಿಟ್ಟಿನ ಅಂಚು ಮಡಿಸುತ್ತಿದ್ದ ಮೆರ್ಲ್ ಅತ್ತೆ ತಿರುಗಿ ನೋಡಲಿಲ್ಲ. “ಹದಿನಾಲ್ಕು ವರ್ಷ ಹೆಂಡ್ತಿ ಗಂಡನ ಬೆನ್ನು ಮಾತ್ರ ನೋಡಿದಾಳೆ ಅಂತಾನೂ ಹಾಕು, ಟ್ಯಾಮ್ಸಿ. ಬೆಲೆ ಏರುತ್ತೆ.”

“ಗಾಜಿನ ಪೆಟ್ಟಿಗೇಲಿ ಇಡೋರಿಗೆ ಕೊಡಲ್ಲ,” ಎಂದರು ಮಾವ. “ಅದನ್ನ ದಪ್ಪಕ್ಷರದಲ್ಲಿ ಬರಿ.”

ಹಿಂದಿನ ತಿಂಗಳು ವಾಲರೂ ಬಂದರಿನ ಹೋಟೆಲಿನವನೊಬ್ಬ ಬಂದು, ಊಟದ ಹಾಲಿನ ನಡುವೆ ಗಾಜಿನೊಳಗಿಟ್ಟು ಕೆಳಗೊಂದು ದೀಪ ಹಾಕುತ್ತೇನೆ ಎಂದಿದ್ದ. ಮಾವ ಅವನಿಗೆ ಚಹಾ ಕೊಟ್ಟು ಕಳಿಸಿದ್ದರು. ಇಂಜಿನ್ನಿನ ಮೇಲೆ ಹೊದಿಸಿದ್ದ ಬಟ್ಟೆಯನ್ನೂ ಸರಿಸಿ ತೋರಿಸಿರಲಿಲ್ಲ. ಬೆಂಕಿ ಕಾಣದ ಇಂಜಿನ್ ಸತ್ತಂತೆಯೇ ಎಂದು ಅವರು ತಿಳಿದಿದ್ದರು. ಆದರೆ ಅದನ್ನು ಓಡಿಸುವುದು ಅವರಿಂದ ಇನ್ನು ಆಗುತ್ತಿರಲಿಲ್ಲ. ಉಗಿ ಬಿಡುವ ಹಿಡಿಯನ್ನು ಹಿಡಿದರೆ ಕೈ ಅಲುಗಿ ಇಂಜಿನ್ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಡಾಕ್ಟರು ಕಾರಿನ ಲೈಸೆನ್ಸನ್ನೂ ತೆಗೆಸಿಹಾಕಿದ್ದರು. ಮಾರ್ಚಿನೊಳಗೆ ಮೂಂಟಾ ಊರಿನ ಈ ಮನೆ ಬಿಟ್ಟು, ಕಾಡಿನಾ ಊರಿನ ಆಸ್ಪತ್ರೆಯ ಹಿಂದೆ ಒಂದು ಚಿಕ್ಕ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಶೆಡ್ ಇಲ್ಲ. ಹೋಗುವ ಮೊದಲು ಇಂಜಿನ್ ಅದನ್ನು ಓಡಿಸುವವರ ಕೈ ಸೇರಬೇಕು ಎಂಬುದೊಂದೇ ಅವರಿಗಿದ್ದ ಆಸೆ.

“ಕೊನೇ ಸಾಲು,” ಎಂದರು. “ಬಾಯ್ಲರ್ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆ.”

ನಾನು ಬರೆದೆ. ಅದು ಸುಳ್ಳಲ್ಲ. ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತು. ಬರೆದ ಮೇಲೆ ತಲೆಯೆತ್ತಿ ಮಾವನ ಮುಖ ನೋಡಲು ನನ್ನಿಂದಾಗಲಿಲ್ಲ. ಅವರೂ ಕಿಟಕಿಯಿಂದ ಈ ಕಡೆ ತಿರುಗಲಿಲ್ಲ.

ಆ ಬಾಯ್ಲರ್ ಕಟ್ಟಿದ ದಿನ ನಾನು ಅಲ್ಲಿದ್ದೆ. ಆಗ ನನಗೆ ಹದಿನಾರು. ಶಾಲೆ ಬಿಟ್ಟು ಮೂರು ತಿಂಗಳಾಗಿತ್ತು. ಅಮ್ಮ ಕೆಲಸಕ್ಕೆಂದು ಡಾರ್ವಿನ್ನಿಗೆ ಹೋದಮೇಲೆ ಅವಳ ಅಣ್ಣ ಹೆಡ್ಲಿ ವೆರನ್, ಅಂದರೆ ಈ ಮಾವ, ನನ್ನನ್ನು ಕರೆತಂದು ಹಿಂದಿನ ಕೋಣೆ ಕೊಟ್ಟಿದ್ದರು. ಯಾಕೆ ಶಾಲೆ ಬಿಟ್ಟೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಶೆಡ್ಡಿಗೆ ಬಂದು ಇದನ್ನು ಹಿಡಿ, ಅದನ್ನು ಒರೆಸು ಎನ್ನುತ್ತಿದ್ದರು. ಹಾಗೆಯೇ ದಿನಗಳು ಹೋದವು.

ಇಂಥ ಬಾಯ್ಲರ್ ಪೂರ್ತಿ ತಾಮ್ರದ್ದು. ಅದರ ಒಲೆಗೆ ಎರಡು ಗೋಡೆ; ಒಳಗೆ ಬೆಂಕಿ, ಎರಡು ಗೋಡೆಗಳ ನಡುವೆ ನೀರು. ಉಗಿಯ ಒತ್ತಡಕ್ಕೆ ಗೋಡೆಗಳು ಉಬ್ಬಿ ಬಿರಿಯದಂತೆ ಒಂದನ್ನೊಂದು ಹಿಡಿದಿಡಲು ಪೆನ್ಸಿಲ್ ದಪ್ಪದ ತಾಮ್ರದ ಗೂಟಗಳನ್ನು ಸಾಲುಸಾಲಾಗಿ ಹಾಯಿಸಿರುತ್ತಾರೆ. ಪ್ರತಿ ಗೂಟದ ಬುಡಕ್ಕೂ ಬೆಳ್ಳಿಯ ಬೆಸುಗೆ ಹರಿಯಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬರು ದೊಡ್ಡ ಗ್ಯಾಸ್ ಬರ್ನರ್ ಹಿಡಿದು ತಾಮ್ರವನ್ನು ಕೆಂಪಗೆ ಕಾಯಿಸುತ್ತಲೇ ಇರಬೇಕು. ಇನ್ನೊಬ್ಬರು ಬೆಸುಗೆಯ ಕಡ್ಡಿಯನ್ನು ತಾಗಿಸುತ್ತ ಹೋಗಬೇಕು. ಸರಿಯಾಗಿ ಕಾದಿದ್ದರೆ ಬೆಳ್ಳಿ ನೀರಿನಂತೆ ಓಡಿ ಗೂಟವನ್ನು ಸುತ್ತಿಕೊಳ್ಳುತ್ತದೆ. ಕಾಯದಿದ್ದರೆ ಮಣಿಯಂತೆ ಉಂಡೆಗಟ್ಟಿ ಕೂರುತ್ತದೆ.

ಬರ್ನರ್ ಹಿಡಿದವಳು ನಾನು. ಬಲಗಡೆಯ ಗೋಡೆಯಲ್ಲಿ ಕೆಳಸಾಲಿನ ಮೂರನೆಯ ಗೂಟದ ಹತ್ತಿರ ಬಂದಾಗ ಬೆಂಕಿ ಸುತ್ತ ಜೋಡಿಸಿದ್ದ ಇಟ್ಟಿಗೆಗೆ ಬಡಿದು ನನ್ನ ಕಡೆ ತಿರುಗಿತು. ತೋಳಿನ ಬಟ್ಟೆ ಸುಟ್ಟ ವಾಸನೆ ಬಂತು. ಎರಡು ಉಸಿರಿನಷ್ಟು ಹೊತ್ತು ಬರ್ನರನ್ನು ಆಚೆ ತಿರುಗಿಸಿಬಿಟ್ಟೆ. ಬೆಳ್ಳಿ ಆ ಗೂಟದ ಮೇಲೆ ಮಣಿಯಾಗಿ ನಿಂತದ್ದು ನನಗೆ ಕಂಡಿತು. ಮಾವನಿಗೂ ಕಂಡಿರಬೇಕು. “ಓಡ್ತು ಬಿಡು,” ಎಂದರು. ಸಂಜೆ ನಾನು ಇನ್ನು ಯಾವತ್ತೂ ಬರ್ನರ್ ಮುಟ್ಟುವುದಿಲ್ಲ ಎಂದು ಅತ್ತೆಯ ಹತ್ತಿರ ಹೇಳಿಕೊಂಡು ಅತ್ತಿದ್ದೆ. ಅದು ಮಾವನ ಕಿವಿಗೂ ಬಿತ್ತು.

ಎರಡು ದಿನ ಕಳೆದು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಮಾವ ಬೆನ್ನು ಹಾಕಿ ಕೂತು, ರೇಡಿಯೋ ರಿಪೇರಿಗೆ ಬಳಸುವ ಚಿಕ್ಕ ಬೆಸುಗೆ ಕಬ್ಬಿಣವನ್ನು ಕಾಯಿಸಿ, ಬೂದು ಬಣ್ಣದ ತವರವನ್ನು ಆ ಗೂಟದ ಸುತ್ತ ತುಂಬುತ್ತಿದ್ದರು. ಬಾಯ್ಲರಿನಲ್ಲಿ ತವರ ಬಳಸಕೂಡದು. ಸೋರಿಕೆ ನಿಲ್ಲುತ್ತದೆ, ಬಲ ಬರುವುದಿಲ್ಲ. ಒಮ್ಮೆ ತವರ ತಾಗಿದ ತಾಮ್ರದ ಮೇಲೆ ಆಮೇಲೆ ಬೆಳ್ಳಿಯೂ ಹಿಡಿಯುವುದಿಲ್ಲ. ತವರ ಹಾಕುವ ಬದಲು ಬೆಳ್ಳಿಯ ಬೆಸುಗೆಯನ್ನೇ ಮೊದಲಿನಿಂದ ಕಾಯಿಸಿ ಸರಿಮಾಡಬಹುದಿತ್ತು, ಅದಕ್ಕೆ ನಾನು ಮತ್ತೆ ಬರ್ನರ್ ಹಿಡಿಯಬೇಕಿತ್ತು. ಅವರು ನನ್ನನ್ನು ಕೇಳಲಿಲ್ಲ.

ಮುಂದಿನ ಬುಧವಾರ ಮೂರನೆಯ, ಕೊನೆಯ ಹಂತದ ತಪಾಸಣೆಗೆ ಕ್ಲೆಮ್ ಪೆಂಗಿಲಿ ಬಂದರು. ಮಾವ ಮತ್ತು ಅವರು ಒಂದೇ ತರಗತಿಯಲ್ಲಿ ಓದಿದವರು. ಮೂವತ್ತು ವರ್ಷ ಕ್ಲಬ್ಬಿನ ಬಾಯ್ಲರ್ ಇನ್ಸ್‌ಪೆಕ್ಟರ್. ಕಟ್ಟುವಾಗಲೇ ಮೂರು ಹಂತದಲ್ಲಿ ಬಂದು, ದೀಪ ಹಿಡಿದು ಒಳಗೆ ನೋಡಿ, ಆಮೇಲೆ ತಾಮ್ರದ ಮೇಲೆ ನಂಬರನ್ನೂ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಒತ್ತಬೇಕು. ಹಾಗೆ ನಂಬರಿಲ್ಲದ ಬಾಯ್ಲರನ್ನು ನಮ್ಮ ಯಾವ ಕ್ಲಬ್ಬಿನ ಹಳಿಯ ಮೇಲೂ ಬಿಡುವುದಿಲ್ಲ. ಒಂದು ಸಲ ಮುಚ್ಚಿದ ಮೇಲೆ ಒಳಗನ್ನು ಯಾರೂ ನೋಡಲಾರರು. ಅಷ್ಟರಲ್ಲಾಗಲೇ ಕ್ಲೆಮ್ ಕಣ್ಣು ಮಂಜಾಗುತ್ತಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಎರಡು ಲೋಟ ಚಹಾ ಕುಡಿದು, “ನಿನ್ನ ಬೆಸುಗೆ ನಾನೇನೋ ನೋಡೋದು, ನನ್ನ ಮದುವೆ ಉಂಗುರ ಬೆಸೆದೋನು ನೀನು” ಎಂದು ಪುಸ್ತಕಕ್ಕೆ ಸಹಿ ಹಾಕಿದರು. ಶೆಡ್ಡಿಗೆ ಹೋಗಿ ನಂಬರೊತ್ತಿದರು. ದೀಪ ಹಚ್ಚಲಿಲ್ಲ. ಮಾವ ಏನೂ ಹೇಳಲಿಲ್ಲ.

ಆರು ವರ್ಷ ಆ ಬಾಯ್ಲರ್ ಪ್ರತಿ ಪರೀಕ್ಷೆಯಲ್ಲೂ ಪಾಸಾಯಿತು. ತಣ್ಣೀರು ತುಂಬಿ ಒತ್ತಡ ಕೊಟ್ಟರೆ ಒಂದು ಹನಿ ಜಿನುಗುತ್ತಿರಲಿಲ್ಲ. ಆದರೆ ನೀರು ಕಡಿಮೆಯಾಗಿ ಆ ಗೋಡೆ ಬರಿದಾಗಿ ಕಾದ ದಿನ ತವರ ಕರಗುತ್ತದೆ, ಗೋಡೆ ಬಿರಿದು ಕುದಿಯುವ ಉಗಿ ಹೊರಗೆ ನುಗ್ಗುತ್ತದೆ. ಅದಕ್ಕೇ ಮಾವ ಇಂಜಿನ್ನನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಓಡಿಸುವಾಗ ನೀರಿನ ಮಟ್ಟ ತೋರಿಸುವ ಗಾಜಿನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೆಡ್ಲಿ ಜಿಪುಣ, ಒಂದು ಸುತ್ತು ಓಡಿಸಕ್ಕೂ ಬಿಡಲ್ಲ ಎಂದು ಕ್ಲಬ್ಬಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಕ್ಯಾಂಟೀನಿನಲ್ಲಿ ಸಾಸೇಜ್ ಹುರಿಯುತ್ತ ಆ ನಗು ಕೇಳಿಸಿಕೊಳ್ಳುತ್ತಿದ್ದೆ.

ಜಾಹೀರಾತು ನೋಡಿ ಬಂದವರು ಲೊರ್ನಾ ನಿಚ್ಕೆ. ಬರೊಸಾ ಕಡೆಯ ದ್ರಾಕ್ಷಿ ತೋಟದವರು, ಐವತ್ತರ ಹೆಂಗಸು. ಜನವರಿಯ ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೇ ಕ್ಲಬ್ಬಿನ ಗೇಟಿನಲ್ಲಿ ಅವರ ಗಾಡಿ ನಿಂತಿತ್ತು. ಮಾರನೆಯ ದಿನದಿಂದ ಬೆಂಕಿ ಹಚ್ಚಬಾರದೆಂದು ರೇಡಿಯೋದಲ್ಲಿ ಹೇಳಿದ್ದರು, ಗೋಧಿ ಕೊಯ್ದ ಹೊಲಗಳು ಬೇಸಿಗೆಗೆ ಒಣಗಿ ನಿಂತಿದ್ದವು. ನೋಡುವುದಿದ್ದರೆ ಅವತ್ತೇ ನೋಡಬೇಕಿತ್ತು.

ಮಾವ ಕೂತಲ್ಲಿಂದಲೇ ಹೇಳಿಕೊಟ್ಟ ಹಾಗೆ ನಾನು ಬೆಂಕಿ ಹಚ್ಚಿದೆ. ಕ್ಲೆಮ್ ಎಂದಿನಂತೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದರು. ಈಗ ಅವರಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಲೊರ್ನಾ ಮಾತಾಡದೆ ಒಂದು ಸುತ್ತು ಹಾಕಿ, ಮಂಡಿಯೂರಿ, ಗಾಲಿಗಳ ಹಿಂದೆ ಬೆರಳಾಡಿಸಿ ನೋಡಿದರು.

“ಹೆಸರಿಟ್ಟಿಲ್ವಾ ಇದಕ್ಕೆ?”

“ನಂಬರಿದೆಯಲ್ಲ,” ಎಂದರು ಮಾವ.

“ಹೆಂಡ್ತಿ ಹೆಸರಿಡೋಕೆ ಹೋದ. ಅವಳೇ ಬೇಡ ಅಂದ್ಲು,” ಎಂದರು ಕ್ಲೆಮ್ ಬೆಂಚಿನಿಂದ. “ದಿನಾ ಎಣ್ಣೆ ಕುಡಿದು ಹೊಗೆ ಬಿಡೋಳಿಗೆ ನನ್ನ ಹೆಸರ್ಯಾಕೆ ಅಂತ.”

ಲೊರ್ನಾ ನಕ್ಕರು. ಅವರು ನಕ್ಕದ್ದು ನನಗೆ ಇಷ್ಟವಾಯಿತು. ನಾನು ಬಗ್ಗಿ ಒಲೆಗೆ ಕಲ್ಲಿದ್ದಲು ಹಾಕಿದೆ.

ಉಗಿ ಎದ್ದ ಮೇಲೆ ಅವರು ಇಂಜಿನ್ನಿನ ಹಿಂದಿರುವ ಸೀಟಿನ ಮೇಲೆ ಕಾಲು ಚಾಚಿ ಕೂತರು. ಹಿಡಿಯನ್ನು ಎಷ್ಟು ಮೆಲ್ಲಗೆ ಎಳೆದರೆಂದರೆ ಇಂಜಿನ್ ಹೊರಟದ್ದೇ ತಿಳಿಯಲಿಲ್ಲ. ಹಳಿಯ ಪಕ್ಕದ ಗಿಡಗಳ ಆಚೆ ಹೋಗಿ, ಹಳೆಯ ಗಣಿಯ ಕೆಂಪು ಮಣ್ಣುಗುಡ್ಡ ಸುತ್ತಿ ಮತ್ತೆ ಕಾಣಿಸಿಕೊಂಡಾಗ ಚಿಮಣಿಯ ಸದ್ದು ಗಡಿಯಾರದ ಹಾಗೆ ಬರುತ್ತಿತ್ತು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಇಂಜಿನ್ನನ್ನು ದೂರದಿಂದ ಅವರು ಕೇಳಿದ್ದು ಅದೇ ಮೊದಲು. ಪ್ಲಾಟ್‌ಫಾರಂ ಹತ್ತಿರ ಬಂದೊಡನೆ ಮಾತ್ರ ಕಣ್ಣು ಬಿಟ್ಟು, “ನೀರು ನೋಡ್ಕೊಳಿ” ಎಂದರು.

“ಅರ್ಧ ಗಾಜಿದೆ,” ಎಂದು ಲೊರ್ನಾ ಕೂಗಿ ಹೇಳಿ ಮುಂದೆ ಹೋದರು.

ಎರಡನೆಯ ಸುತ್ತಿಗೆ ಬಂದಾಗ ಮತ್ತೆ, “ನೀರು.”

“ಲೋ ಹೆಡ್ಲಿ, ಆ ಹೆಂಗಸಿಗೆ ಕಣ್ಣಿದೆ ಕಣೋ,” ಎಂದರು ಕ್ಲೆಮ್. “ಇಲ್ದೇ ಇರೋನು ನಾನು. ನಂಗೆ ಹೇಳು ಬೇಕಾದ್ರೆ.”

ಐದು ಸುತ್ತಾದ ಮೇಲೆ ಲೊರ್ನಾ ಇಂಜಿನ್ ನಿಲ್ಲಿಸಿ ಎದ್ದರು. ಮುಖವೆಲ್ಲ ಮಸಿಯಾಗಿತ್ತು. “ತಗೊಂಡೆ, ವೆರನ್ ಅವರೇ. ಚೌಕಾಸಿ ಮಾಡಲ್ಲ. ನಮ್ಮಲ್ಲಿ ತಿಂಗಳಿಗೊಂದು ಭಾನುವಾರ ಶಾಲೆ ಮಕ್ಕಳಿಗೆ ಸವಾರಿ. ಒಂದು ಸಲಕ್ಕೆ ಹನ್ನೆರಡು ಮಕ್ಕಳು. ಸರದಿ ಮೇಲೆ ನಾಕೈದು ಜನ ಓಡಿಸ್ತೀವಿ, ಕಲಿಯೋರೂ ಇದಾರೆ. ಇಂಥ ಸಾಧು ಇಂಜಿನ್ ಸಿಗಲ್ಲ ಅವರಿಗೆ.”

“ನೀವೊಬ್ರೇ ಓಡಿಸಿದ್ರೆ ಒಳ್ಳೇದು,” ಎಂದರು ಮಾವ.

“ಅಯ್ಯೋ, ನಂಗೆ ಒಂದು ಕಪ್ ಚಹಾ ಕುಡಿಯಕ್ಕೂ ಬಿಡೋದಿಲ್ವಾ?”

ಮಾವ ನಗಲಿಲ್ಲ. ಕೋಟಿನ ಜೇಬಿನಿಂದ ಬಾಯ್ಲರಿನ ಪುಸ್ತಕ ತೆಗೆದರು. ಇಂಜಿನ್ ಕೈ ಬದಲಾಗುವಾಗ, ಉಗಿ ಆರುವ ಮುಂಚೆಯೇ, ಮಾರುವವರು ಅದರ ಕೊನೆಯ ಪುಟದಲ್ಲಿ ಒಂದು ಸಾಲು ಬರೆದು ಸಹಿ ಹಾಕಿ ಕೊಡುವುದು ನಮ್ಮ ಕ್ಲಬ್ಬಿನ ಪದ್ಧತಿ. ಎಲ್ಲರೂ ಅದೇ ಸಾಲನ್ನು ಬರೆಯುತ್ತಾರೆ: ನಾನು ಬಲ್ಲಂತೆ ಈ ಬಾಯ್ಲರಿನಲ್ಲಿ ಯಾವ ದೋಷವೂ ಇಲ್ಲ.

“ಟ್ಯಾಮ್ಸಿ, ನೀನು ಬರಿ. ಸಹಿ ಹೆಂಗೋ ನಾನು ಹಾಕ್ತೀನಿ.”

ಪುಸ್ತಕವನ್ನು ಸೀಟಿನ ಮೇಲಿಟ್ಟುಕೊಂಡು ದಿನಾಂಕ ಬರೆದೆ. ಮಾವನ ಹೆಸರು ಬರೆದೆ. ಆಮೇಲೆ ಕೈ ನಿಂತಿತು. ಒಂದೊಂದು ಸವಾರಿಗೂ ಹನ್ನೆರಡು ಮಕ್ಕಳು ಹಿಂದೆ ಕಟ್ಟಿದ ಬಂಡಿಗಳಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಮುಂದೆ ಕೂತು ಓಡಿಸುವವರ ಮಂಡಿಗಳ ನಡುವೆಯೇ ಒಲೆಯ ಬಾಗಿಲು. ಓಡಿಸುವವರಿಗೆ ಆ ಗೂಟದ ಸಂಗತಿ ಗೊತ್ತಿರುವುದಿಲ್ಲ. ಮಾವನ ಹಾಗೆ ಗಾಜನ್ನೇ ನೋಡುತ್ತ ಕೂರುವುದಿಲ್ಲ. ನನಗೆ ಜನರೆದುರು ಮಾತಾಡಿ ಅಭ್ಯಾಸವಿಲ್ಲ. ಕ್ಯಾಂಟೀನಿನಲ್ಲೂ ಚಿಲ್ಲರೆ ಕೊಡುವಾಗ ತಲೆ ತಗ್ಗಿಸಿಯೇ ಕೊಡುತ್ತೇನೆ.

“ಬರೆಯಕ್ಕಾಗಲ್ಲ ಮಾವ.”

“ಪೆನ್ನು ಹಿಡೀತಿಲ್ವಾ?”

“ಪೆನ್ನಲ್ಲ. ಕೆಳಸಾಲಿನ ಮೂರನೇ ಗೂಟ.”

ಮಾವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ನನಗೆ ಗೊತ್ತಿದೆ ಎಂಬುದು ಅವರಿಗೆ ಆರು ವರ್ಷ ತಿಳಿದಿರಲಿಲ್ಲ. ಅದು ಆಗ ತಿಳಿಯಿತು.

“ಯಾವ ಗೂಟ?” ಎಂದರು ಲೊರ್ನಾ.

ನಾನು ಪುಸ್ತಕ ನೋಡುತ್ತಲೇ ಹೇಳಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

“ಜೋರಾಗಿ ಹೇಳು ಮಗೂ,” ಎಂದರು ಬೆಂಚಿನಿಂದ ಕ್ಲೆಮ್. ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. “ಕೇಳಿಸ್ಲಿ ನಂಗೂ.”

“ಬಲಗಡೆ ಗೋಡೇಲಿ ಕೆಳಸಾಲಿನ ಮೂರನೇ ಗೂಟಕ್ಕೆ ಬೆಳ್ಳಿ ಓಡಿಲ್ಲ. ಬೆಂಕಿ ಹಿಡಿದಿದ್ದು ನಾನು. ಹೆದರಿ ತೆಗೆದುಬಿಟ್ಟೆ. ಆಮೇಲೆ ಅದಕ್ಕೆ ತವರ ತುಂಬಿದೆ.”

ಲೊರ್ನಾ ಮಾವನ ಕಡೆ ನೋಡಿದರು. ಮಾವ ತಲೆಯಾಡಿಸಿದರು, ಹೌದು ಎಂದು. ಅವರು ಮತ್ತೇನೂ ಕೇಳದೆ ಬಗ್ಗಿ, ಒಲೆಯ ತಳದ ಕಂಬಿಯನ್ನು ಎಳೆದು, ಬೆಂಕಿಯನ್ನೆಲ್ಲ ಕೆಳಗಿನ ತಟ್ಟೆಗೆ ಬೀಳಿಸಿದರು. ನಾನು ನೀರು ಹಾಕಿದೆ. ಕೆಂಡ ಚುಂಯ್ ಎಂದು ಕಪ್ಪಾಯಿತು.

“ಮೂರನೇ ಹಂತಕ್ಕೆ ನಾನು ಸಹಿ ಹಾಕಿದೀನಿ,” ಎಂದರು ಕ್ಲೆಮ್. “ಹೆಡ್ಲಿ, ಇದೀಯೇನೋ ಅಲ್ಲಿ? ನಾನು ಸಹಿ ಹಾಕಿದೀನಿ ಅಂದೆ.”

“ಇದೀನಿ ಕ್ಲೆಮ್.”

“ಅವತ್ತು ಯಾಕೆ ಹೇಳಲಿಲ್ಲ?”

“ನೀನು ನೋಡ್ತೀಯ ಅಂದ್ಕೊಂಡೆ. ನೋಡಿದ್ರೆ ಒಪ್ಕೊಳೋಣ ಅಂತ ಇದ್ದೆ.”

ಕ್ಲೆಮ್ ಟೋಪಿ ಹಾಕಿಕೊಂಡು, ಬೇಲಿಯ ತಂತಿ ಹಿಡಿದುಕೊಂಡು ಒಬ್ಬರೇ ಗೇಟಿನ ಕಡೆ ನಡೆದರು. ಕೈ ಹಿಡಿಯಲು ಹೋದ ನನ್ನನ್ನು ಬೇಡವೆಂದು ತಳ್ಳಿದರು.

ನಾವು ಮನೆಗೆ ಬಂದು ಹೇಳಿದ್ದನ್ನು ಕೇಳಿದ ಅತ್ತೆ, “ಆರು ವರ್ಷ ಬಾಯಿ ಬಿಡದವಳು ಇನ್ನೊಂದು ಗಂಟೆ ತಡ್ಕೊಂಡಿದ್ರೆ ಆಗ್ತಿತ್ತಲ್ಲೇ” ಎಂದರು. ಆಮೇಲೆ ಬಹಳ ಹೊತ್ತು ಪಾತ್ರೆ ತೊಳೆದರು. ನಮ್ಮಲ್ಲಿ ಪೇಸ್ಟಿಯ ಮೂಲೆಯಲ್ಲಿ ಹಿಟ್ಟಿನಿಂದಲೇ ತಿನ್ನುವವರ ಹೆಸರಿನ ಮೊದಲ ಅಕ್ಷರ ಅಂಟಿಸುತ್ತಾರೆ. ಅವತ್ತು ನನ್ನ ಪಾಲಿನದಕ್ಕೂ ಅಕ್ಷರವಿತ್ತು. ನಾನು ಅದನ್ನು ಅರ್ಧ ತಿಂದು ಎದ್ದೆ. ಮಾವ ಶೆಡ್ಡಿನಿಂದ ಬರಲೇ ಇಲ್ಲ. ಮೂರು ದಿನ ನನ್ನ ಜೊತೆ ಅವರು ಮಾತಾಡಲಿಲ್ಲ. ಕೆಲಸವಿದ್ದರೆ ಉಪಕರಣದ ಹೆಸರು ಮಾತ್ರ ಹೇಳುತ್ತಿದ್ದರು. ಸ್ಪ್ಯಾನರ್. ಇಕ್ಕಳ. ಹಾಗೆಯೇ ಒಂದೊಂದೇ ನಟ್ಟು ಬಿಚ್ಚಿ, ಬಾಯ್ಲರನ್ನು ಇಂಜಿನ್ನಿನಿಂದ ಎತ್ತಿ ಬೆಂಚಿನ ಮೇಲಿಟ್ಟೆವು. ಮೇಲಿನ ಹಸಿರು ತಗಡು ತೆಗೆದರೆ ಒಳಗೆ ತಾಮ್ರ ಕಂದು ಬಣ್ಣಕ್ಕೆ ತಿರುಗಿತ್ತು.

ತಿರಸ್ಕರಿಸಿದ ಬಾಯ್ಲರನ್ನು ಹಾಗೇ ಬಿಡುವಂತಿಲ್ಲ. ನಂಬರೊತ್ತಿದ ಇನ್ಸ್‌ಪೆಕ್ಟರ್ ಬದುಕಿದ್ದರೆ ಅವರೇ ಬಂದು ಅದನ್ನು ಹೊಡೆದು ಅಳಿಸಬೇಕು. ಆಮೇಲೆ ಕಟ್ಟಿದವರು ಅವರೆದುರೇ ಬಾಯ್ಲರನ್ನು ಕೊಯ್ಯಬೇಕು, ಇನ್ನು ಯಾರೂ ಅದಕ್ಕೆ ಬೆಂಕಿ ಹಚ್ಚಲಾಗದಂತೆ. ಬುಧವಾರ ಬೆಳಿಗ್ಗೆ ಪಕ್ಕದ ಮನೆಯವರ ಕಾರಿನಲ್ಲಿ ಕ್ಲೆಮ್ ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಟೈ. ಇನ್ಸ್‌ಪೆಕ್ಷನ್ನಿಗೆ ಬರುವಾಗ ಅವರು ಹಾಗೆಯೇ ಬರುತ್ತಿದ್ದರು.

“ಚಹಾ ಕೊಡ್ಲಾ ಕ್ಲೆಮ್?” ಎಂದು ಅತ್ತೆ ಬಾಗಿಲಲ್ಲಿ ಕೇಳಿದರು.

“ಬೇಡಮ್ಮಾ. ಹಿಂದಿನ ಸಲ ಕುಡಿದದ್ದೇ ಜಾಸ್ತಿಯಾಗಿತ್ತು.”

ಶೆಡ್ಡಿನಲ್ಲಿ ಅವರು ತಾಮ್ರದ ಮೇಲೆ ಬೆರಳಾಡಿಸಿ ನಂಬರು ಹುಡುಕಿದರು. ಸಿಕ್ಕಿತು. ಎರಡು ಸಲ ಬೆರಳಿನಿಂದಲೇ ಓದಿಕೊಂಡರು. ಜೇಬಿನಿಂದ ಉಳಿ ತೆಗೆದು ಇಟ್ಟರು, ಅದು ಜಾರಿತು.

“ಟ್ಯಾಮ್ಸಿನ್, ಬಾ ಇಲ್ಲಿ. ನೀನು ಉಳಿ ಹಿಡಿ.”

“ನಾನು ಹಿಡೀತೀನಿ,” ಎಂದರು ಮಾವ.

“ನಿನ್ನ ಕೈ ನಡುಗುತ್ತೆ. ನಂಗೆ ಕಾಣಲ್ಲ. ಒಳ್ಳೇ ಜೋಡಿ.” ಆ ಮಾತಿನಲ್ಲಿ ತಮಾಷೆ ಇರಲಿಲ್ಲ. “ಅವಳು ಹಿಡೀಲಿ.”

ನಾನು ಮೊದಲ ಅಂಕಿಯ ಮೇಲೆ ಉಳಿ ನಿಲ್ಲಿಸಿದೆ. ಕ್ಲೆಮ್ ಎಡಗೈಯಿಂದ ನನ್ನ ಮುಷ್ಟಿಯನ್ನು ಮುಟ್ಟಿ ಅಳತೆ ನೋಡಿಕೊಂಡು, ಬಲಗೈಯಿಂದ ಸುತ್ತಿಗೆ ಹಾಕಿದರು. ಏಟು ನನ್ನ ಕೈ ಮೇಲೆ ಬೀಳಬಹುದೆಂಬ ಹೆದರಿಕೆಗೆ ಹಲ್ಲು ಕಚ್ಚಿದ್ದೆ. ಕೈ ಮಾತ್ರ ತೆಗೆಯಲಿಲ್ಲ. ಒಂದೊಂದು ಅಂಕಿಗೂ ಎರಡು ಏಟು. ಕೊನೆಗೆ ಅವರ ಹೆಸರಿನ ಎರಡು ಅಕ್ಷರ. ಅಲ್ಲಿ ಸ್ವಲ್ಪ ನಿಂತರು, ಆಮೇಲೆ ಹೊಡೆದರು.

ಗರಗಸ ಹಿಡಿಯುವುದು ಮಾವನ ಕೆಲಸ. ಶುರು ಮಾಡಿದ್ದು ಅವರೇ. ಬ್ಲೇಡು ಕುಣಿದು ಹಾದಿ ತಪ್ಪುತ್ತಿತ್ತು. ನಾಲ್ಕು ಇಂಚು ಕೊಯ್ದ ಮೇಲೆ ಬೆವರು ಒರೆಸಿಕೊಂಡು ನನಗೆ ಕೊಟ್ಟರು. ಉಳಿದದ್ದನ್ನು ನಾನು ಕೊಯ್ದೆ. ಒಂದು ಗಂಟೆ ಹಿಡಿಯಿತು. ಬಲಗಡೆಯ ಗೋಡೆ ಬಿಚ್ಚಿಕೊಂಡು ಬಂದಾಗ ಮಾವ ದೂರ ಹೋಗಿ ನಿಂತರು.

“ಏನು ಕಾಣುತ್ತೆ?” ಎಂದು ಕ್ಲೆಮ್ ಕೇಳಿದರು.

ನಾನು ದೀಪ ಹಿಡಿದು ನೋಡಿದೆ. ಉಳಿದ ಗೂಟಗಳ ಸುತ್ತ ಬೆಳ್ಳಿ ನಯವಾಗಿ ಹರಿದು ಹೊಳೆಯುತ್ತಿತ್ತು. ಮೂರನೆಯದರ ಸುತ್ತ ತವರ ಸಣ್ಣ ಸಣ್ಣ ತೂತುಗಳಾಗಿ ಸವೆದಿತ್ತು. ಬೆರಳಿನಿಂದ ಒತ್ತಿದರೆ ಗೂಟ ಅಲುಗಿತು.

“ಅಲುಗುತ್ತೆ,” ಎಂದೆ.

“ಇನ್ನೆಷ್ಟು ದಿನ ಬರ್ತಿತ್ತು?”

“ನಂಗೆ ಗೊತ್ತಾಗಲ್ಲ. ಬಹಳ ದಿನ ಬರ್ತಿರ್ಲಿಲ್ಲ.”

“ಬೆಂಕಿ ತೆಗೆದಿದ್ದು ಅವಳಲ್ಲ ಕ್ಲೆಮ್,” ಎಂದರು ಮಾವ ಬಾಗಿಲ ಹತ್ತಿರದಿಂದ. “ನಾನೇ ತೆಗಿ ಅಂದೆ. ಅವಳಿಗೆ ನೆನಪಿಲ್ಲ.”

ಮೂರು ದಿನಗಳಲ್ಲಿ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಅದನ್ನು ಹಾಗೆಯೇ ಬಿಟ್ಟುಬಿಡಬೇಕು ಎನಿಸಿತು. ಬಿಡಲಾಗಲಿಲ್ಲ.

“ಇಲ್ಲ ಮಾವ. ನೀವು ಹೇಳ್ಲಿಲ್ಲ. ನಾನೇ ತೆಗೆದೆ.”

ಕ್ಲೆಮ್ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. “ಹದಿನಾರು ವರ್ಷದ ಹುಡುಗಿ ಹೆದರಿದ್ದು ತಪ್ಪಲ್ಲ. ತಪ್ಪು ಯಾರ್ದು ಅಂತ ಈ ಶೆಡ್ಡಲ್ಲಿ ನಿಂತಿರೋ ಇಬ್ಬರು ಮುದುಕರಿಗೂ ಗೊತ್ತಿದೆ.” ಮಾವನ ದನಿ ಬಂದ ಕಡೆ ಮುಖ ತಿರುಗಿಸಿದರು. “ಆರು ವರ್ಷ ಹೆಡ್ಲಿ. ಪ್ರತಿ ಭಾನುವಾರ ನನ್ನ ಪಕ್ಕ ಕೂತ್ಕೊಂಡೆ. ನಾನು ನೋಡ್ಲಿಲ್ಲ ಅನ್ನೋದು ನಿಂಗೆ ಗೊತ್ತಿತ್ತು. ನಿಂಗೆ ಗೊತ್ತಿದೆ ಅನ್ನೋದು ನಂಗೆ ಗೊತ್ತಿರ್ಲಿಲ್ಲ.”

ಕಾರು ಹೋದ ಮೇಲೆ ಮಾವ ಬೆಂಚಿನ ಮೇಲಿನ ತಾಮ್ರದ ಪುಡಿಯನ್ನು ಅಂಗೈಯಲ್ಲಿ ಒಟ್ಟುಗೂಡಿಸುತ್ತ ಬಹಳ ಹೊತ್ತು ನಿಂತಿದ್ದರು. ಅದಾದ ಮೇಲೆ ಕ್ಲೆಮ್ ನಮ್ಮ ಮನೆಗೆ ಬಂದಿಲ್ಲ.

ಲೊರ್ನಾ ಫೋನ್ ಮಾಡುತ್ತಾರೆಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಶುಕ್ರವಾರ ಮಾಡಿದರು. ಬಾಯ್ಲರ್ ಬಿಟ್ಟು ಉಳಿದದ್ದನ್ನೆಲ್ಲ ಕೊಳ್ಳುತ್ತೇನೆ, ಅಡಿಲೇಡಿನಲ್ಲಿ ಲೈಸೆನ್ಸ್ ಇರುವವರೊಬ್ಬರಿಂದ ಹೊಸದು ಕಟ್ಟಿಸುತ್ತೇನೆ, ಒಂದೂವರೆ ವರ್ಷ ಆಗಬಹುದು ಎಂದರು. ಫೋನನ್ನು ಅತ್ತೆ ಮಾವನ ಕಿವಿಗೆ ಹಿಡಿದಿದ್ದರು.

“ಯಾಕೆ ಬೇಕು ನಿಮಗೆ?” ಎಂದು ಮಾವ ಕೇಳಿದರು. “ನಾನು ಏನು ಮಾಡಿದೀನಿ ಅಂತ ಗೊತ್ತಿದ್ದೂ?”

ಅವರು ಏನೆಂದರೋ ನನಗೆ ಕೇಳಲಿಲ್ಲ. ಮಾವ ಮಾತ್ರ, “ಗಾಲಿಗಳಲ್ಲಿ ಮೋಸ ಇಲ್ಲ” ಎಂದರು. ಆಮೇಲೆ, “ಬೇರೆ ಎಲ್ಲೂ ಇಲ್ಲ. ಬಿಚ್ಚಿ ನೋಡ್ಕೊಳಿ” ಎಂದರು.

ಶನಿವಾರ ಅವರು ಬಂದು ನಿಜಕ್ಕೂ ಬಿಚ್ಚಿಯೇ ನೋಡಿದರು. ಸಿಲಿಂಡರುಗಳ ಮುಚ್ಚಳ, ಪಂಪು, ಬ್ರೇಕು. ಮಾವ ಸ್ಟೂಲಿನ ಮೇಲೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಒಂದೆರಡು ಕಡೆ ಕೇಳದೆಯೇ, “ಇದು ನಾನು ಅಂದುಕೊಂಡಷ್ಟು ಚೆನ್ನಾಗಿ ಬಂದಿಲ್ಲ, ಬರ್ಕೊಳಿ” ಎಂದರು. ಲೊರ್ನಾ ಬರೆದುಕೊಂಡರು. ನೀರು ಕುಡಿಯಲು ಎದ್ದಾಗ ನನ್ನ ಪಕ್ಕದಲ್ಲಿ ನಿಂತು, “ಅವತ್ತು ನೀನು ಹೇಳಿದ್ದನ್ನ ನನ್ನ ಗಂಡನಿಗೆ ಹೇಳಿದೆ. ಅವನು ಊಟ ಬಿಟ್ಟು ಎದ್ದು ಹೋದ. ನಮ್ಮ ಮೊಮ್ಮಗಳು ಯಾವಾಗಲೂ ಮುಂದಿನ ಸೀಟಲ್ಲೇ ಕೂರೋದು” ಎಂದರು. ನೀರು ಕುಡಿದು ಮತ್ತೆ ಕೆಲಸಕ್ಕೆ ಕೂತರು.

ಬಾಯ್ಲರಿಲ್ಲದ ಇಂಜಿನ್ ಹಗುರವಾಗಿತ್ತು. ಲೊರ್ನಾ ಮತ್ತು ನಾನು, ಇಬ್ಬರು ಹೆಂಗಸರೇ ಎತ್ತಿ ಗಾಡಿಯಲ್ಲಿಟ್ಟೆವು. ಚೌಕಟ್ಟು, ಆರು ಗಾಲಿ, ನಡುವೆ ಖಾಲಿ ಜಾಗ. ಮಾವ ಹಗ್ಗಗಳನ್ನು ಎರಡು ಸಲ ಎಳೆದು ನೋಡಿದರು. ಅತ್ತೆ ದಾರಿಗೆಂದು ಕಾಗದದಲ್ಲಿ ಸುತ್ತಿದ ಪೇಸ್ಟಿ ಕೊಟ್ಟರು. ಗಾಡಿ ಸಮುದ್ರದ ಕಡೆಯ ರಸ್ತೆಗೆ ತಿರುಗುವ ತನಕ ನಾವು ಗೇಟಿನಲ್ಲಿ ನಿಂತಿದ್ದೆವು. ಅತ್ತೆ ಒಳಗೆ ಹೋದರು.

“ಅವತ್ತು ನೀನು ಆ ಸಾಲು ಬರೆದುಬಿಟ್ಟಿದ್ರೆ,” ಎಂದರು ಮಾವ, ರಸ್ತೆಯನ್ನೇ ನೋಡುತ್ತ, “ಆಮೇಲೆ ನಾನೇ ಅವಳಿಗೆ ಫೋನ್ ಮಾಡಿ ಹೇಳ್ತಿದ್ದೆ ಅಂತ ನಿಂಗೆ ಅನ್ಸುತ್ತಾ?”

ಹೌದು ಎನ್ನಬಹುದಿತ್ತು.

“ಗೊತ್ತಿಲ್ಲ ಮಾವ.”

“ಹೇಳ್ತಿರ್ಲಿಲ್ಲ ಕಣೇ,” ಎಂದರು. “ಮೂರು ದಿನ ಶೆಡ್ಡಲ್ಲಿ ಕೂತು ಅದನ್ನೇ ಯೋಚಿಸ್ದೆ. ಹೇಳ್ತಿರ್ಲಿಲ್ಲ.”

ನಾನು ಗೇಟು ಹಾಕಿದೆ.